ಬೇಲಿಯೇ ಹೊಲ ಮೇಯ್ದ ಬಗೆ

ಕಳೆದ ಮಳೆಗಾಲದಲ್ಲಿ ನಡೆದ ನಮ್ಮ ಬಳಗದ ತಿಂಗಳ ಕೂಟಕ್ಕೆ ಹಿರಿಯ ಮಿತ್ರರೊಬ್ಬರು ಪುಸ್ತಕದ ಬದಲು ಒಂದು ಲೋಹದ ಕಡ್ಡಿಯನ್ನು ತಂದು ಮೇಜಿನ ಮೇಲಿಟ್ಟರು. ಕಿರುಬೆರಳಿಗಿಂತ ತೆಳ್ಳಗೆ, ಮೊಳಕ್ಕಿಂತ ತುಸು ಉದ್ದ. ಒಂದು ತುದಿ ಕಪ್ಪಿಟ್ಟು ಹಕ್ಕಳೆಗಟ್ಟಿತ್ತು; ಇನ್ನೊಂದು ತುದಿಯಿಂದ ಎರಡು ತಂತಿಗಳು ಹೊರಗೆ ಇಣುಕುತ್ತಿದ್ದವು. ಅಂದು ಚರ್ಚಿಸಬೇಕೆಂದುಕೊಂಡಿದ್ದ ಕಾದಂಬರಿ ಹಾಗೆಯೇ ಉಳಿಯಿತು.

ಮಿತ್ರರು ಪುಣೆಯ ಭೋಸರಿಯಲ್ಲಿ ಅಚ್ಚಿನ ಉಕ್ಕಿಗೆ ಹದ ಕೊಡುವ ಕಾರ್ಖಾನೆಯೊಂದರಲ್ಲಿ ಬಹುಕಾಲ ದುಡಿದವರು. ಅಲ್ಲಿಯ ಕುಲುಮೆಯೊಂದು 1020 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರವಾಗಿ ನಿಲ್ಲಬೇಕು. ಒಳಗಿನ ಬಿಸಿ ಎಷ್ಟೆಂದು ಅರಿತು, ವಿದ್ಯುತ್ತನ್ನು ಏರಿಸಿ ಇಳಿಸುವ ನಿಯಂತ್ರಕಕ್ಕೆ ತಿಳಿಸುತ್ತಿದ್ದದ್ದು ಈ ಕಡ್ಡಿ. ಒಂದು ವರ್ಷ ಗಿರಾಕಿಗಳಿಂದ ಅಚ್ಚುಗಳು ವಾಪಸು ಬರತೊಡಗಿದವು. ಗಡಸುತನ ಸಾಲದು, ಅಳತೆ ಕೆಟ್ಟಿದೆ ಎಂಬ ದೂರು. ದಾಖಲೆ ತೆಗೆದು ನೋಡಿದರೆ ತಾಪಮಾನದ ಗೆರೆ ತಿಂಗಳುಗಟ್ಟಲೆ ಎಳೆ ಹಿಡಿದಂತೆ ನೇರವಾಗಿತ್ತು. ಯಂತ್ರ ಸರಿಯಿದ್ದ ಮೇಲೆ ತಪ್ಪು ಮನುಷ್ಯನದೇ ಇರಬೇಕಲ್ಲ! ಉಕ್ಕನ್ನು ಹೊರತೆಗೆದು ತಣಿಸುವುದರಲ್ಲಿ ತಡ ಮಾಡುತ್ತಿದ್ದಾರೆಂದು ರಾತ್ರಿ ಪಾಳಿಯ ಕುಲುಮೆಗಾರರಿಗೆ ಎಚ್ಚರಿಕೆಯ ಪತ್ರ ಹೋಯಿತು. ಅವರು ಇಂಡಿ ತಾಲ್ಲೂಕಿನ ಕಡೆಯವರು, ಇಪ್ಪತ್ತು ವರ್ಷ ಬೆಂಕಿಯ ಮುಂದೆ ನಿಂತವರು. ಪತ್ರ ಕೈಸೇರುವ ತಿಂಗಳ ಮೊದಲೇ ಅವರು ಒಂದು ಮಾತು ಹೇಳಿದ್ದರಂತೆ: "ಸಾಹೇಬ್ರ, ಬೆಂಕಿ ಬಣ್ಣ ಬ್ಯಾರೆ ಕಾಣತೈತ್ರಿ." ಫಲಕದ ಮೇಲೆ 1020 ಎಂಬ ಅಂಕಿ ಹೊಳೆಯುತ್ತಿರುವಾಗ ಬಣ್ಣದ ಮಾತಿಗೆ ಯಾರು ಕಿವಿಗೊಟ್ಟಾರು?

ಕಡ್ಡಿಯನ್ನು ಪರೀಕ್ಷೆಗೂ ಕಳುಹಿಸಿದ್ದಾಯಿತು. ಸರಿಯಾಗಿದೆ ಎಂಬ ಪ್ರಮಾಣಪತ್ರದೊಡನೆ ಅದು ಮರಳಿತು. ಕೊನೆಗೆ ಮಿತ್ರರು ಕುಲುಮೆಯ ಗೋಡೆಯಲ್ಲಿದ್ದ ಇನ್ನೊಂದು ರಂಧ್ರದಿಂದ ಹೊಸ ಪ್ಲಾಟಿನಂ ಕಡ್ಡಿಯೊಂದನ್ನು ಹಳೆಯದರ ಪಕ್ಕಕ್ಕೇ ತೂರಿಸಿದರು. ಹಳೆಯದು 1020 ಎನ್ನುತ್ತಿತ್ತು. ಹೊಸದು 1046 ಎಂದಿತು.

ಗೆರೆಯನ್ನು ಯಾರೂ ತಿದ್ದಿರಲಿಲ್ಲ. ಪ್ರಮಾಣಪತ್ರ ಖೋಟಾ ಆಗಿರಲಿಲ್ಲ. ಕಡ್ಡಿ ಮುರಿದಿರಲಿಲ್ಲ. ಆದರೂ ಕುಲುಮೆ ತಿಂಗಳುಗಟ್ಟಲೆ ಹೆಚ್ಚು ಕಾದಿತ್ತು, ಅಚ್ಚಿನ ಉಕ್ಕು ಆ ಹೆಚ್ಚಿನ ಕಾವಿನಿಂದಲೇ ಗಡಸುತನ ಕಳೆದುಕೊಂಡಿತ್ತು. ಇದು ಹೇಗಾಯಿತು ಎಂದು ಕೇಳುತ್ತ ಹೋದ ನಾವು ಎರಡು ಶತಮಾನಕ್ಕೂ ಹಿಂದೆ ಸರಿಯಬೇಕಾಯಿತು.

ಕನ್ನಡದಲ್ಲಿ ಬೆಂಕಿಯ ಅಳತೆಗಿಂತ ಬೆಂಕಿಯ ಹದ ಹಳೆಯ ಮಾತು. ಕಮ್ಮಾರನ ಕಬ್ಬಿಣಕ್ಕೆ ಹದವುಂಟು, ಕುಂಬಾರನ ಆವಿಗೆಗೆ ಹದವುಂಟು, ಆಲೆಮನೆಯ ಕೊಪ್ಪರಿಗೆಗೂ ಹದವುಂಟು. ಎಷ್ಟು ಎಂಬ ಪ್ರಶ್ನೆಯನ್ನು ಹದ ಕೇಳುವುದಿಲ್ಲ. ಸಾಕೇ ಎಂದು ಮಾತ್ರ ಕೇಳುತ್ತದೆ. ಕಾದ ಕಬ್ಬಿಣ 550 ಡಿಗ್ರಿಯ ಸುಮಾರಿಗೆ ಕತ್ತಲಲ್ಲಿ ಮಂಕುಗೆಂಪಾಗಿ ಕಾಣತೊಡಗುತ್ತದೆ. 800ರ ಹೊತ್ತಿಗೆ ಕೆಂಡದ ಕೆಂಪು, 1100ರಲ್ಲಿ ಹಳದಿ, 1300 ದಾಟಿದರೆ ಬಿಳಿ. ಪಳಗಿದ ಕಣ್ಣು ಇದನ್ನೆಲ್ಲ ಬಲ್ಲದು. ಆದರೆ ಅದೇ ಬಣ್ಣ ಹಗಲಿನಲ್ಲಿ ಒಂದು, ರಾತ್ರಿಯಲ್ಲಿ ಇನ್ನೊಂದು. ಒಬ್ಬನ ಕಣ್ಣಿನ ಹದವನ್ನು ಪತ್ರದಲ್ಲಿ ಬರೆದು ಮತ್ತೊಂದು ಊರಿಗೆ ಕಳುಹಿಸಲೂ ಆಗದು. ಇಪ್ಪತ್ತಾರು ಡಿಗ್ರಿಯ ವ್ಯತ್ಯಾಸವನ್ನು ಬರಿಗಣ್ಣು ಹಿಡಿಯಬಲ್ಲುದೇ ಎಂಬುದರಲ್ಲಿಯೂ ನಮಗೆ ಸಂಶಯವಿದೆ. ಇಂಡಿಯ ಹಿರಿಯರು ಕಂಡದ್ದು ಬಣ್ಣವನ್ನೋ, ಉಕ್ಕಿನ ಮೈಮೇಲೆ ಏಳುವ ಹೊಪ್ಪಳೆಯನ್ನೋ, ಇನ್ನಾವ ಕುರುಹನ್ನೋ ಹೇಳಲಾರೆವು.

ಬೆಂಕಿಯ ಹದಕ್ಕೆ ಅಂಕಿ ಕೊಡಬೇಕೆಂದು ಹಟ ಹಿಡಿದವನೂ ಒಬ್ಬ ಕುಂಬಾರನೇ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಜೋಸೈಯಾ ವೆಜ್‌ವುಡ್ ಪಿಂಗಾಣಿ ಸಾಮಾನುಗಳಿಗೆ ಹೆಸರಾದವನು, ಚಾರ್ಲ್ಸ್ ಡಾರ್ವಿನ್ನನ ತಾಯಿಯ ತಂದೆ. ಪಾದರಸದ ಉಷ್ಣಮಾಪಕ ಅವನ ಗೂಡಿನಲ್ಲಿ ಕೆಲಸಕ್ಕೆ ಬಾರದು; 357 ಡಿಗ್ರಿಗೆ ಪಾದರಸವೇ ಕುದಿದುಹೋಗುತ್ತದೆ. ಸುಟ್ಟಷ್ಟೂ ಜೇಡಿಮಣ್ಣು ಕುಗ್ಗುತ್ತದೆ ಎಂಬ, ಎಲ್ಲ ಕುಂಬಾರರೂ ಬಲ್ಲ ಸಂಗತಿಯನ್ನೇ ಆತ ಹಿಡಿದುಕೊಂಡ. ಮಣ್ಣಿನ ಸಣ್ಣ ತುಂಡುಗಳನ್ನು ಗೂಡಿನಲ್ಲಿಟ್ಟು ತೆಗೆದು, ತಣಿದ ಮೇಲೆ ಕ್ರಮೇಣ ಕಿರಿದಾಗುವ ಹಿತ್ತಾಳೆಯ ಓಣಿಯೊಂದರಲ್ಲಿ ಜಾರಿಸುವುದು. ತುಂಡು ಎಷ್ಟು ದೂರ ಹೋಗಿ ಸಿಕ್ಕಿಕೊಂಡಿತೋ ಅಷ್ಟು ಬಿಸಿ. 1782ರಲ್ಲಿ ರಾಯಲ್ ಸೊಸೈಟಿಯ ಮುಂದೆ ಇದನ್ನು ಮಂಡಿಸಿದ. ಮರುವರ್ಷ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

ಉಪಾಯ ಚೆಲುವಾಗಿತ್ತು, ಅಂಕಿ ಕೆಟ್ಟಿತ್ತು. ವೆಜ್‌ವುಡ್ಡನ ಲೆಕ್ಕದಂತೆ ಎರಕದ ಕಬ್ಬಿಣ ಕರಗುವುದು 17,977 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಎಂದರೆ ಸುಮಾರು 10,000 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೂರ್ಯನ ಮೈಯೇ ಅಷ್ಟು ಬಿಸಿಯಿಲ್ಲ. ನಿಜವಾಗಿ ಎರಕದ ಕಬ್ಬಿಣ 1200 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ನಗುವ ಮುನ್ನ ಒಂದನ್ನು ನೆನೆಯಬೇಕು: ಆ ಬಿಸಿಯನ್ನು ಬೇರೆ ಯಾವ ಬಗೆಯಲ್ಲಿಯೂ ಅಳೆಯಲು ಬಾರದಿದ್ದಾಗ ಆ ಅಂಕಿ ತಪ್ಪೆಂದು ತೋರಿಸುವವರಾದರೂ ಯಾರು? ಅವನ ಮಣ್ಣು ಕಾರ್ನ್‌ವಾಲಿನದು. ಅದೇ ಬಗೆಯ ಮಣ್ಣನ್ನು ಮತ್ತೆ ಪಡೆಯುವುದು ಅವನಿಗೇ ಕಷ್ಟವಾಯಿತು. ಮಣ್ಣು ಬದಲಾದರೆ ಡಿಗ್ರಿಯೂ ಬದಲಾಯಿತು. ಚಿನ್ನವನ್ನು ಒರೆಗಲ್ಲಿಗೆ ಹಚ್ಚಬಹುದು. ಒರೆಗಲ್ಲನ್ನೇ ಯಾವುದಕ್ಕೆ ಹಚ್ಚುವುದು?

ನಮ್ಮ ಮೇಜಿನ ಮೇಲಿದ್ದ ಕಡ್ಡಿಯ ವಂಶ ಬೇರೆ ಕಡೆ ಹುಟ್ಟಿದ್ದು. 1821ರಲ್ಲಿ ಬರ್ಲಿನ್ನಿನಲ್ಲಿ ಥಾಮಸ್ ಯೋಹಾನ್ ಜೇಬೆಕ್ ಎರಡು ಬೇರೆ ಲೋಹಗಳನ್ನು ಸೇರಿಸಿ ಬಳೆ ಮಾಡಿ, ಒಂದು ಬೆಸುಗೆಯನ್ನು ಬಿಸಿ ಮಾಡಿದಾಗ ಹತ್ತಿರದ ದಿಕ್ಸೂಚಿಯ ಮುಳ್ಳು ಓಲಾಡಿತು. ಶಾಖದಿಂದ ಕಾಂತತ್ವ ಹುಟ್ಟಿತೆಂದು ಜೇಬೆಕ್ ಭಾವಿಸಿದ. ಭೂಮಿಯ ಕಾಂತತ್ವಕ್ಕೂ ಧ್ರುವದ ಚಳಿ, ನಡುಗೆರೆಯ ಬಿಸಿಲುಗಳೇ ಕಾರಣವೆಂಬಲ್ಲಿಗೂ ಹೋದ. ನಿಜವಾಗಿ ಬಳೆಯಲ್ಲಿ ಹರಿದದ್ದು ವಿದ್ಯುತ್ತು. ಈ ವಿದ್ಯಮಾನಕ್ಕೆ ಉಷ್ಣವಿದ್ಯುತ್ತೆಂಬ ಹೆಸರು ಕೊಟ್ಟವನು ಡೆನ್ಮಾರ್ಕಿನ ಊರ್ಸ್ಟೆಡ್. ಎರಡು ಲೋಹದ ತಂತಿಗಳ ಈ ಜೋಡಿಯನ್ನೇ ಇಂದು ಥರ್ಮೋಕಪಲ್ ಎನ್ನುತ್ತಾರೆ. ನಮ್ಮ ಪಠ್ಯಪುಸ್ತಕಗಳ ಕನ್ನಡದಲ್ಲಿ ಅದು ಉಷ್ಣಯುಗ್ಮ.

ಇಲ್ಲಿ ಓದುಗರು ತುಸು ತಾಳ್ಮೆಯಿಂದ ನಮ್ಮೊಡನೆ ನಿಲ್ಲಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಥರ್ಮೋಕಪಲ್ಲಿನ ವಿದ್ಯುತ್ ಒತ್ತಡ ಹುಟ್ಟುವುದು ಬೆಸುಗೆಯ ತುದಿಯಲ್ಲಿ ಎಂದು ಬಹುಮಂದಿ ತಿಳಿದಿದ್ದಾರೆ. ನಾವೂ ಹಾಗೆಯೇ ತಿಳಿದಿದ್ದೆವು. ಅದು ಸರಿಯಲ್ಲ. ತಂತಿ ಬಿಸಿಯಿಂದ ತಂಪಿಗೆ ಇಳಿಯುವ ದಾರಿಯುದ್ದಕ್ಕೂ ಅದು ಚೂರುಚೂರಾಗಿ ಹುಟ್ಟುತ್ತದೆ. ಪುಣೆಯಿಂದ ಮುಂಬಯಿಗೆ ಹೋಗುವ ರೈಲು ಇಳಿಯುವುದೆಲ್ಲಿ? ಪುಣೆ ನಿಲ್ದಾಣದಲ್ಲಲ್ಲ, ದಾದರಿನಲ್ಲೂ ಅಲ್ಲ. ಲೋಣಾವಳಾ ದಾಟಿದ ಮೇಲೆ ಕರ್ಜತ್ ಮುಟ್ಟುವವರೆಗಿನ ಘಾಟಿಯಲ್ಲಿ. ಹಾಗೆಯೇ ಕುಲುಮೆಯೊಳಗೆ ತಂತಿಯ ಒಂದು ಭಾಗ ಒಂದೇ ಸಮನೆ ಬಿಸಿಯಾಗಿರುತ್ತದೆ, ಹೊರಗಿನ ಭಾಗ ಒಂದೇ ಸಮನೆ ತಂಪಾಗಿರುತ್ತದೆ. ಗೋಡೆಯ ದಪ್ಪದಲ್ಲಿ ಹಾದುಹೋಗುವ ಗೇಣುದ್ದದ ತಂತಿಯೇ ಘಾಟಿ. ಅಂಕಿಯ ಬಹುಪಾಲು ತಯಾರಾಗುವುದು ಅಲ್ಲಿ. ತಂತಿ ಉದ್ದಕ್ಕೂ ಒಂದೇ ಗುಣದ್ದಾಗಿದ್ದರೆ ಘಾಟಿ ಎಲ್ಲಿ ಬಿದ್ದರೂ ಲೆಕ್ಕ ಒಂದೇ, ಎರಡು ತುದಿಗಳ ಅಂತರವಷ್ಟೇ ಮುಖ್ಯ. ಆದರೆ ಘಾಟಿಯ ನಡುವೆ ತಂತಿಯ ಗುಣ ಕೆಟ್ಟಿದ್ದರೆ, ತುದಿ ಎಷ್ಟೇ ಚೊಕ್ಕವಾಗಿದ್ದರೂ ಅಂಕಿ ಸುಳ್ಳಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಬಹುಕಾಲ ಎಡವಿದ್ದು ಇಲ್ಲಿಯೇ. ಫ್ರಾನ್ಸಿನ ಪುಯೆ 1836ರಲ್ಲಿ ಕಬ್ಬಿಣ ಮತ್ತು ಪ್ಲಾಟಿನಂಗಳ ಜೋಡಿಯಿಂದ ಹೆಚ್ಚಿನ ಬಿಸಿಗಳನ್ನು ಅಳೆಯಲು ಹೊರಟ. ಹತ್ತಾರು ವರ್ಷ ಶಾಖದ ಅಳತೆಯನ್ನೇ ತಪಸ್ಸಿನಂತೆ ನಡೆಸಿದ ವಿಕ್ತೋರ್ ರೆನ್ಯೊ 1847ರ ಹೊತ್ತಿಗೆ ಅದೇ ಜೋಡಿಯನ್ನು ಪರೀಕ್ಷಿಸಿ, ಒಂದು ದಿನದ ಅಂಕಿ ಇನ್ನೊಂದು ದಿನಕ್ಕೆ ಹೊಂದುವುದಿಲ್ಲವೆಂದು ಕಂಡು, ಈ ವಿಧಾನವನ್ನೇ ತಳ್ಳಿಹಾಕಿದ. ರೆನ್ಯೊನಂಥವನ ಮಾತು ಅಂದಿನ ಪ್ಯಾರಿಸಿನಲ್ಲಿ ತೀರ್ಪಿಗೆ ಸಮ. ಅವನು ಕಂಡ ದೋಷ ನಿಜವಾದದ್ದೇ; ಆದರೆ ಅದು ವಿಧಾನದ್ದಲ್ಲ, ಕಬ್ಬಿಣದ ತಂತಿಯದು. ಕಾದ ಕಬ್ಬಿಣ ಪ್ರತಿ ಸಲವೂ ಬೇರೆ ಕಬ್ಬಿಣವಾಗುತ್ತಿತ್ತು.

ಇದನ್ನು ಬಿಡಿಸಿದವನು ಆನ್ರಿ ಲ ಶಾತಲಿಯೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರಿಗೆಲ್ಲ ಅವನ ಹೆಸರಿನ ನಿಯಮವೊಂದು ನೆನಪಿದ್ದೀತು. ಪ್ಯಾರಿಸಿನ ಗಣಿವಿದ್ಯಾಲಯದ ಈ ಎಂಜಿನಿಯರನಿಗೆ ಬೇಕಾಗಿದ್ದದ್ದು ಸಿಮೆಂಟು, ಜೇಡಿಮಣ್ಣುಗಳು ಕಾಯುವಾಗ ಯಾವ ಬಿಸಿಯಲ್ಲಿ ಏನಾಗುತ್ತವೆಂದು ತಿಳಿಯುವುದು. 1885ರ ನಂತರದ ಎರಡು ಮೂರು ವರ್ಷಗಳಲ್ಲಿ ಆತ ಹಲವು ಲೋಹಗಳನ್ನು ಪರೀಕ್ಷಿಸಿ, ಒಂದು ಕಡೆ ಶುದ್ಧ ಪ್ಲಾಟಿನಂ, ಇನ್ನೊಂದು ಕಡೆ ನೂರಕ್ಕೆ ಹತ್ತು ಪಾಲು ರೋಡಿಯಂ ಬೆರೆತ ಪ್ಲಾಟಿನಂ ಎಂಬಲ್ಲಿಗೆ ಬಂದು ನಿಂತ. ತಂತಿ ಏಕರೂಪವಾಗಿರಬೇಕು, ಕುಲುಮೆಯ ಅನಿಲಗಳು ಅದನ್ನು ಕೆಡಿಸಕೂಡದು, ಅಂಕಿಯನ್ನು ಲೋಹಗಳು ಕರಗುವ ನಿಶ್ಚಿತ ಬಿಂದುಗಳಿಗೆ ಒರೆ ಹಚ್ಚಿ ನೋಡಬೇಕು: ಮೂರೂ ಒಟ್ಟಿಗೆ ಕೂಡಿದ್ದು ಅಲ್ಲಿ. ಒಂದು ಡಿಗ್ರಿಗೆ ಈ ಜೋಡಿ ಕೊಡುವುದು ಸುಮಾರು 10 ಮೈಕ್ರೋವೋಲ್ಟ್ ಮಾತ್ರ, ಎಂದರೆ ವೋಲ್ಟಿನ ಲಕ್ಷದಲ್ಲೊಂದು ಪಾಲು. ಆ ಪಿಸುಮಾತನ್ನು ಕೇಳಬಲ್ಲ ಗ್ಯಾಲ್ವನೋಮೀಟರ್ ಕೂಡ ಅದೇ ದಶಕದಲ್ಲಿ ಫ್ರಾನ್ಸಿನಲ್ಲಿ ಸಿದ್ಧವಾಗಿದ್ದದ್ದು ಅವನ ಅದೃಷ್ಟ. ಕೆಲವೇ ವರ್ಷಗಳಲ್ಲಿ ಲಂಡನ್ನಿನ ರಾಯಲ್ ಮಿಂಟಿನ ರಾಬರ್ಟ್ಸ್-ಆಸ್ಟಿನ್ ಇದನ್ನು ಛಾಯಾಚಿತ್ರದ ಕಾಗದಕ್ಕೆ ಜೋಡಿಸಿ, ತಣಿಯುವ ಲೋಹ ತನ್ನ ಗೆರೆಯನ್ನು ತಾನೇ ಬರೆದುಕೊಳ್ಳುವಂತೆ ಮಾಡಿದ. ಭೋಸರಿಯ ನೇರ ಗೆರೆಯ ಅಜ್ಜ ಅದು.

ಪ್ಲಾಟಿನಂ ರಾಜಲೋಹವಾದರೂ ಬೆತ್ತಲೆ ತಂತಿಯನ್ನು ಕುಲುಮೆಯ ಹೊಗೆಗೆ ಒಡ್ಡುವಂತಿಲ್ಲ. ಆದ್ದರಿಂದ ಪಿಂಗಾಣಿಯ ಕೊಳವೆ ತೊಡಿಸಿದರು. ಕವಚದ ಕಥೆ ಆರಂಭವಾಗುವುದು ಹೀಗೆ; ಕೇಡೂ ಅಲ್ಲಿಂದಲೇ ಆರಂಭವಾಗುತ್ತದೆ. ಆಮ್ಲಜನಕ ಸಾಲದ ಬೆಂಕಿಯಲ್ಲಿ ಕೊಳವೆಯ ಸಿಲಿಕಾ ತನ್ನೊಳಗಿನ ಸಿಲಿಕಾನನ್ನು ಬಿಟ್ಟುಕೊಡುತ್ತದೆ. ಅದು ಪ್ಲಾಟಿನಂ ಒಳಗೆ ಸೇರಿ ತಂತಿಯನ್ನು ಬೂದಿಗಡ್ಡಿಯಂತೆ ಪೆಡಸಾಗಿಸುತ್ತದೆ. ಕಾಯಲು ನಿಲ್ಲಿಸಿದವನೇ ಕನ್ನ ಕೊರೆದಂತಾಯಿತು.

ಪ್ಲಾಟಿನಂ ದುಬಾರಿ ಕೂಡ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕಲ್ ಮತ್ತು ಕ್ರೋಮಿಯಂಗಳ ಮಿಶ್ರಲೋಹಕ್ಕೆ ಪೇಟೆಂಟು ಪಡೆದ. ನಮ್ಮ ಮನೆಗಳ ಇಸ್ತ್ರಿಪೆಟ್ಟಿಗೆಯಲ್ಲಿ ಕಾಯುವ ತಂತಿ ಆ ಮನೆತನದ್ದೇ. ಅದೇ ಬಗೆಯ ಕ್ರೋಮೆಲ್ ಒಂದು ತಂತಿಯಾಗಿ, ನಿಕಲ್ಲಿಗೆ ಚೂರು ಅಲ್ಯೂಮಿನಿಯಂ, ಮ್ಯಾಂಗನೀಸ್, ಸಿಲಿಕಾನ್ ಬೆರೆಸಿದ ಅಲ್ಯುಮೆಲ್ ಇನ್ನೊಂದಾಗಿ ಹುಟ್ಟಿದ ಜೋಡಿಗೆ ಇಂದು ಕೆ ಮಾದರಿ ಎಂದು ಹೆಸರು. ಅಗ್ಗ, ಗಟ್ಟಿಮುಟ್ಟು, ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್ ಕೊಡುವಷ್ಟು ದನಿಯುಳ್ಳದ್ದು. ಜಗತ್ತಿನ ಕಾರ್ಖಾನೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಥರ್ಮೋಕಪಲ್ ಇದೇ.

ಎರಡನೆಯ ಮಹಾಯುದ್ಧದ ನಂತರ ಜೆಟ್ ಎಂಜಿನ್ನುಗಳೂ ಅಣುಸ್ಥಾವರಗಳೂ ಬಂದವು. ಅಲ್ಲಿಯ ಅಲುಗಾಟಕ್ಕೆ ಪಿಂಗಾಣಿ ಪುಡಿಯಾಗುತ್ತದೆ. ಆಗ ಬಳಕೆಗೆ ಬಂದದ್ದು ನಮ್ಮ ಮೇಜಿನ ಮೇಲಿದ್ದ ಬಗೆಯ ಕಡ್ಡಿ. ಉಕ್ಕಿನ ಕೊಳವೆಯೊಳಗೆ ಎರಡು ತಂತಿಗಳನ್ನಿಟ್ಟು, ಸುತ್ತಲೂ ಮೆಗ್ನೀಸಿಯಂ ಆಕ್ಸೈಡಿನ ಬಿಳಿಯ ಪುಡಿ ತುಂಬಿ, ಇಡೀ ಕೊಳವೆಯನ್ನು ಎಳೆದೆಳೆದು ಸಣ್ಣಗೆ ಮಾಡುತ್ತಾರೆ. ಪುಡಿ ಕಲ್ಲಿನಂತೆ ಬಿಗಿಯುತ್ತದೆ, ತಂತಿಗಳು ಒಂದಕ್ಕೊಂದು ತಾಗವು, ಕಡ್ಡಿಯನ್ನು ಬೇಕಾದಂತೆ ಬಗ್ಗಿಸಬಹುದು. ಒಂದು ಮಿಲಿಮೀಟರಿನಷ್ಟು ತೆಳ್ಳಗೂ ಮಾಡಬಹುದು. ಇದಕ್ಕಿಂತ ಭದ್ರವಾದ ಕವಚವನ್ನು ಊಹಿಸುವುದು ಕಷ್ಟ. ಹೊರಗಿನ ಅನಿಲ ಒಳಗೆ ಬಾರದು, ಒಳಗಿನ ತಂತಿ ಹೊರಗಿನದನ್ನು ಕಾಣದು. ಮುಚ್ಚಿದ ಈ ಮನೆಯಲ್ಲಿ ಕಳ್ಳ ಎಲ್ಲಿಂದ ಬರಬೇಕು?

ಗೋಡೆಯಿಂದಲೇ ಬಂದ. ಸ್ಟೇನ್‌ಲೆಸ್ ಉಕ್ಕಿನಲ್ಲಿ ನೂರಕ್ಕೆ ಎರಡರವರೆಗೆ ಮ್ಯಾಂಗನೀಸ್ ಇರುತ್ತದೆ. ಬಿಸಿ ಸಾವಿರ ಡಿಗ್ರಿಯ ಹತ್ತಿರ ಬಂದಾಗ ಆ ಮ್ಯಾಂಗನೀಸ್ ಆವಿಯಾಗಿ, ಬಿಗಿದ ಪುಡಿಯ ಸಂದುಗಳಲ್ಲಿ ನುಸುಳಿ ತಂತಿಗಳ ಮೈಗೆ ಸೇರುತ್ತದೆ. ಕ್ರೋಮಿಯಂ ಕೂಡ ಹಾಗೆಯೇ ವಲಸೆ ಹೋಗುತ್ತದೆ. ಹೀಗೆ ಮೈಲಿಗೆಯಾದ ತಂತಿ ಹೊಸದರಷ್ಟು ಒತ್ತಡ ಕೊಡದು, ಅಂಕಿ ಮೆಲ್ಲಮೆಲ್ಲನೆ ಕೆಳಗೆ ಜಾರುತ್ತದೆ. ದಿನಕ್ಕೆ ಕಾಣದಷ್ಟು, ತಿಂಗಳುಗಳಲ್ಲಿ ಇಪ್ಪತ್ತು ಮೂವತ್ತು ಡಿಗ್ರಿಯಷ್ಟು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಅಕ್ಷರಶಃ ಇದು. ಆಸ್ಟ್ರೇಲಿಯದ ಸಂಶೋಧಕರು ಈ ವಲಸೆಯ ಜಾಡನ್ನು ಒಂದೊಂದಾಗಿ ಹಿಡಿದು ತೋರಿಸುವವರೆಗೆ ದೋಷವನ್ನೆಲ್ಲ ತಂತಿಯ ತಲೆಗೇ ಕಟ್ಟುತ್ತಿದ್ದರು.

ಇಷ್ಟೇ ಆಗಿದ್ದರೆ ಗೆರೆಯಾದರೂ ಕೆಳಗೆ ಬಾಗಿ ಸುಳಿವು ಕೊಡುತ್ತಿತ್ತು. ಕೊಡಲಿಲ್ಲ, ಏಕೆಂದರೆ ನಿಯಂತ್ರಕ ನಂಬುವುದು ಕಡ್ಡಿಯ ಮಾತನ್ನು ಮಾತ್ರ. ಕಡ್ಡಿ 1019 ಎಂದೊಡನೆ ಅದು ವಿದ್ಯುತ್ತನ್ನು ಹೆಚ್ಚಿಸಿ ಮತ್ತೆ 1020 ಎನ್ನಿಸುತ್ತದೆ. ಕಡ್ಡಿ ಜಾರಿದಷ್ಟೂ ಕುಲುಮೆ ಏರುತ್ತದೆ. ಕುಲುಮೆ ಏರಿದಷ್ಟೂ ಮ್ಯಾಂಗನೀಸಿನ ವಲಸೆ ಬಿರುಸಾಗುತ್ತದೆ. ಕಡ್ಡಿ ಇನ್ನಷ್ಟು ಜಾರುತ್ತದೆ. ಕಾಗದದ ಮೇಲೆ ಮಾತ್ರ ಗೆರೆ ನೇರ. ಅದು ದಾಖಲಿಸಿದ್ದು ಕುಲುಮೆಯ ಬಿಸಿಯನ್ನಲ್ಲ, ನಿಯಂತ್ರಕದ ವಿಧೇಯತೆಯನ್ನು.

ಪ್ರಮಾಣಪತ್ರದ ಒಗಟೂ ಈಗ ಬಿಡಿಸುತ್ತದೆ. ಮ್ಯಾಂಗನೀಸು ಸೇರುವುದು ತಂತಿಯ ಬಿಸಿಯಾದ ಭಾಗಕ್ಕೆ, ಎಂದರೆ ಒಳತುದಿಯಿಂದ ಗೋಡೆಯವರೆಗಿನ ಭಾಗಕ್ಕೆ ಮತ್ತು ಘಾಟಿಯ ಮೇಲ್ತಲೆಗೆ. ಪರೀಕ್ಷೆ ಮಾಡಿದವರು ತಮ್ಮ ಕುಲುಮೆಯೊಳಕ್ಕೆ ಕಡ್ಡಿಯನ್ನು ಇನ್ನೂ ಆಳವಾಗಿ ತೂರಿಸಿದರು. ಗಾಯಗೊಂಡ ಭಾಗವೆಲ್ಲ ಒಂದೇ ಸಮನಾದ ಬಿಸಿಯಲ್ಲಿ ಕುಳಿತಿತು, ಘಾಟಿ ಬಿದ್ದದ್ದು ಗಾಯವಿಲ್ಲದ ತಂತಿಯ ಮೇಲೆ. ಅಂಕಿ ಸರಿಯಾಗಿ ಬಂತು. ಅವರು ಬರೆದದ್ದು ನಿಜ. ಆ ನಿಜ ಅವರ ಕುಲುಮೆಯದು, ಭೋಸರಿಯದಲ್ಲ. ಹಳೆಯ ಥರ್ಮೋಕಪಲ್ಲನ್ನು ಇದ್ದ ಜಾಗದಲ್ಲೇ, ಪಕ್ಕಕ್ಕೊಂದು ನಂಬಲರ್ಹವಾದುದನ್ನಿಟ್ಟು ಹೋಲಿಸಬೇಕೆಂದು ತಿಳಿದವರು ಹೇಳುವುದು ಈ ಕಾರಣಕ್ಕೆ.

ಪುಡಿಯೂ ಪೂರ್ಣ ನಿರಪರಾಧಿಯಲ್ಲ. ತಣ್ಣಗಿರುವಾಗ ಮೆಗ್ನೀಸಿಯಂ ಆಕ್ಸೈಡು ಅಪ್ಪಟ ನಿರೋಧಕ. ಕಾದಂತೆಲ್ಲ ಅದರ ನಿರೋಧ ವೇಗವಾಗಿ ಕುಸಿಯುತ್ತದೆ. ತುದಿಗಿಂತ ನಡುಭಾಗವೇ ಹೆಚ್ಚು ಬಿಸಿಯಾದ ಜಾಗದಲ್ಲಿ ಕಡ್ಡಿ ಹಾದುಹೋದರೆ, ಅಲ್ಲಿ ವಿದ್ಯುತ್ತು ಒಂದು ತಂತಿಯಿಂದ ಇನ್ನೊಂದಕ್ಕೆ ಸೋರುತ್ತದೆ. ಆಗ ಕಡ್ಡಿ ತನ್ನ ತುದಿಯ ಬಿಸಿಯನ್ನು ಬಿಟ್ಟು ಸೊಂಟದ ಬಿಸಿಯನ್ನು ಹೇಳತೊಡಗುತ್ತದೆ. ಎಂಜಿನಿಯರುಗಳು ಇದನ್ನು ಹುಸಿ ಬೆಸುಗೆ ಎನ್ನುತ್ತಾರೆ. ಪುಡಿಗೆ ತೇವ ಸೇರಿದರೂ ಕಷ್ಟ, ಅದಕ್ಕೆ ನೀರೆಂದರೆ ಆಸೆ ಜಾಸ್ತಿ. ಕತ್ತರಿಸಿದ ತುದಿಯನ್ನು ಮಳೆಗಾಲದಲ್ಲಿ ಬಾಯ್ತೆರೆದಿಟ್ಟರೆ ಆಯಿತು.

ಪರಿಹಾರದ ದಾರಿ ತೋರಿದವರು ಮೆಲ್ಬರ್ನಿನ ರಕ್ಷಣಾ ಪ್ರಯೋಗಾಲಯದ ನೋಯೆಲ್ ಬರ್ಲಿ. ನಿಕಲ್ ತಂತಿ ತನ್ನೊಳಗೇ ಆಕ್ಸಿಡೀಕರಣಗೊಂಡು ಕೆಡುವುದನ್ನು ತಡೆಯಲು ಕ್ರೋಮಿಯಂ ಮತ್ತು ಸಿಲಿಕಾನ್‌ಗಳ ಪ್ರಮಾಣವನ್ನು ಹೆಚ್ಚಿಸಿದರೆ, ಆಕ್ಸೈಡು ಒಳಗೆ ಬೇರೂರುವ ಬದಲು ಹೊರಮೈಯಲ್ಲಿ ಬಿಗಿಯಾದ ಪೊರೆಯಾಗಿ ನಿಲ್ಲುತ್ತದೆಂದು ಅವರು ಕಂಡುಕೊಂಡರು. ನೈಕ್ರೋಸಿಲ್, ನೈಸಿಲ್ ಎಂಬ ಆ ಜೋಡಿಯ ಪ್ರಮಾಣಕೋಷ್ಟಕಗಳನ್ನು 1978ರಲ್ಲಿ ಅಮೆರಿಕದ ಮಾನಕ ಸಂಸ್ಥೆಯೊಡನೆ ಸೇರಿ ಪ್ರಕಟಿಸಿದರು. ಮುಂದೆ ಅದಕ್ಕೆ ಎನ್ ಮಾದರಿ ಎಂಬ ಹೆಸರಾಯಿತು. ನಮಗೆ ಹೆಚ್ಚು ಹಿಡಿಸಿದ್ದು ಆಮೇಲಿನ ಹೆಜ್ಜೆ. ಕವಚವನ್ನೂ ತಂತಿಯ ಜಾತಿಯದೇ ಮಿಶ್ರಲೋಹದಿಂದ ಮಾಡಿದರು. ಗೋಡೆಗೂ ಮನೆಯವರಿಗೂ ಒಂದೇ ಗುಣವಿದ್ದರೆ ವಲಸೆಗೆ ಕಾರಣ ಉಳಿಯುವುದಿಲ್ಲ, ಕಾದಾಗ ಹಿಗ್ಗುವುದೂ ಒಂದೇ ಸಮ. ಇದು 1200 ಡಿಗ್ರಿಯ ಆಸುಪಾಸಿನವರೆಗೆ ನಡೆಯುತ್ತದೆ.

ಅದರಾಚೆಗೆ ಪ್ಲಾಟಿನಂ, 1700 ದಾಟಿದರೆ ಅದೂ ಕೈಬಿಡುತ್ತದೆ. ಉಳಿದದ್ದು ಟಂಗ್‌ಸ್ಟನ್ ಮತ್ತು ರೇನಿಯಂ. ರೇನಿಯಂ 1925ರಲ್ಲಷ್ಟೇ ಪತ್ತೆಯಾದ, ರೈನ್ ನದಿಯ ಹೆಸರು ಹೊತ್ತ ಧಾತು. ಈ ಜೋಡಿ 2300 ಡಿಗ್ರಿಯವರೆಗೆ ತಾಳುತ್ತದೆ, ಆದರೆ ಗಾಳಿ ತಾಗಿದರೆ ಸುಟ್ಟುಹೋಗುತ್ತದೆ, ಒಮ್ಮೆ ಕಾದು ತಣಿದರೆ ಹಪ್ಪಳದಂತೆ ಮುರಿಯುತ್ತದೆ. ಕವಚವಾಗಿ ಟಾಂಟಲಂ, ಮೊಲಿಬ್ಡಿನಂ. ಪುಡಿಯಾಗಿ ಬೆರಿಲಿಯಂ ಇಲ್ಲವೆ ಹಾಫ್ನಿಯಂ ಆಕ್ಸೈಡು. ಆ ಬಿಸಿಯಲ್ಲಿ ಎಲ್ಲವೂ ಎಲ್ಲದರೊಡನೆ ಕೂಡಲು ಹವಣಿಸುತ್ತವೆ. ಅಣುಸ್ಥಾವರದ ಒಡಲಿನಲ್ಲಿ ಇನ್ನೂ ಒಂದು ವಿಪತ್ತು: ನ್ಯೂಟ್ರಾನ್ ಬಡಿದು ಧಾತುವೇ ಬೇರೆ ಧಾತುವಾಗುತ್ತದೆ. ರೋಡಿಯಂ ಪಲ್ಲಾಡಿಯಂ ಆಗುತ್ತದೆ, ಟಂಗ್‌ಸ್ಟನ್ ರೇನಿಯಂ ಆಗುತ್ತದೆ, ರೇನಿಯಂ ಆಸ್ಮಿಯಂ ಆಗುತ್ತದೆ. ತಂತಿಗೆ ಮೈಲಿಗೆ ತಗಲಬೇಕಾದ್ದಿಲ್ಲ, ಅದು ಜನ್ಮವನ್ನೇ ಬದಲಿಸಿಕೊಳ್ಳುತ್ತದೆ.

ಜರ್ಮನಿಯ ಯೂಲಿಷ್ ಪಟ್ಟಣದಲ್ಲಿ 1967ರಿಂದ 1988ರವರೆಗೆ ನಡೆದ ಒಂದು ಪ್ರಾಯೋಗಿಕ ಸ್ಥಾವರದ ನಡೆ ಇಲ್ಲಿ ಹೇಳಲೇಬೇಕಾದದ್ದು. ಅದರ ಇಂಧನ ಟೆನಿಸ್ ಚೆಂಡಿನ ಗಾತ್ರದ ಗ್ರಾಫೈಟ್ ಗೋಲಗಳಲ್ಲಿತ್ತು. ಗೋಲಗಳು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸರಿಯುತ್ತಿದ್ದವು. ಸರಿಯುವ ರಾಶಿಯ ನಡುವೆ ಯಾವ ಕವಚದ ಕಡ್ಡಿಯೂ ನಿಲ್ಲದು. ಒಡಲಿನ ಬಿಸಿಯನ್ನು ಲೆಕ್ಕದಿಂದ ಊಹಿಸುತ್ತಿದ್ದರು. 1986ರಲ್ಲಿ ಬೇರೆ ಬೇರೆ ಬಿಸಿಗಳಲ್ಲಿ ಕರಗುವ ಸಣ್ಣ ತಂತಿಗಳನ್ನು ಅಡಗಿಸಿದ ವಿಶೇಷ ಗೋಲಗಳನ್ನು ರಾಶಿಯಲ್ಲಿ ಬಿಟ್ಟು, ಹೊರಬಂದ ಮೇಲೆ ಯಾವುವು ಕರಗಿವೆಯೆಂದು ನೋಡಿದರು. ಕೆಲವು ಗೋಲಗಳಲ್ಲಿ 1280 ಡಿಗ್ರಿಯ ತಂತಿಯೂ ಕರಗಿತ್ತು. ಒಡಲು ಲೆಕ್ಕಕ್ಕಿಂತ 200 ಡಿಗ್ರಿಗೂ ಹೆಚ್ಚು ಕಾದಿತ್ತು. ಬೆಂಕಿಗೆ ಒಂದು ತುಂಡನ್ನು ಒಡ್ಡಿ, ತಣಿದ ಮೇಲೆ ಅದರ ಮೈಯನ್ನು ಓದುವ ವೆಜ್‌ವುಡ್ಡನ ಕುಂಬಾರಬುದ್ಧಿಯೇ ಅಲ್ಲಿ ಅಣುವಿಜ್ಞಾನಿಗಳ ನೆರವಿಗೆ ಬಂದದ್ದು.

ಉಕ್ಕಿನ ಕಾರ್ಖಾನೆಗಳು ಬೇರೆಯೇ ಜಾಣತನ ಕಲಿತವು. ಕುದಿಯುವ 1600 ಡಿಗ್ರಿಯ ಉಕ್ಕಿಗೆ ತೆಳುವಾದ ಸಿಲಿಕಾ ಟೊಪ್ಪಿಗೆಯ ಪ್ಲಾಟಿನಂ ತಂತಿಯನ್ನು ಕೆಲವೇ ಕ್ಷಣ ಅದ್ದಿ, ಅಂಕಿ ಓದಿ, ಆ ತುದಿಯನ್ನು ಎಸೆದುಬಿಡುವುದು. ಕೆಡಲು ಸಮಯವೇ ಕೊಡದಿರುವುದು! ಬಾಳಿಕೆಯ ಆಸೆಯನ್ನು ಬಿಟ್ಟ ಮೇಲೆ ಅಳತೆ ನಿಜವಾಯಿತು.

ಲ ಶಾತಲಿಯೆಯ ಪ್ಲಾಟಿನಂ ಜೋಡಿಗೆ ಒಂದು ಕಾಲಕ್ಕೆ ದೊಡ್ಡ ಪದವಿಯೂ ಇತ್ತು. 1927ರ ಅಂತರರಾಷ್ಟ್ರೀಯ ತಾಪಮಾನ ಮಾನದಲ್ಲಿ 660 ಡಿಗ್ರಿಯಿಂದ ಚಿನ್ನ ಕರಗುವ 1063ರವರೆಗೆ ಜಗತ್ತಿನ ಡಿಗ್ರಿ ಎಂದರೆ ಆ ಜೋಡಿ ಹೇಳಿದ ಡಿಗ್ರಿ. 1990ರ ಮಾನ ಅದನ್ನು ಪದವಿಯಿಂದ ಇಳಿಸಿತು. ಬೆಳ್ಳಿ ಹೆಪ್ಪುಗಟ್ಟುವ 961.78 ಡಿಗ್ರಿಯವರೆಗೆ ಪ್ಲಾಟಿನಮ್ಮಿನ ವಿದ್ಯುತ್ ನಿರೋಧ, ಅದರಾಚೆಗೆ ಕಾದ ವಸ್ತುವಿನ ಬೆಳಕು ಎಂದು ಗೊತ್ತುಮಾಡಿತು. ಹೆಚ್ಚಿನ ಬಿಸಿಗೆ ಮತ್ತೆ ಬಣ್ಣವೇ ಸಾಕ್ಷಿಯಾಯಿತೆನ್ನಬೇಕು. ಈ ಬಾರಿ ಪ್ಲ್ಯಾಂಕನ ಸೂತ್ರ ಹಿಡಿದ ಯಂತ್ರದ ಕಣ್ಣಿನಲ್ಲಿ. ಉಳಿದದ್ದು ಲೋಹಗಳ ನಿಶ್ಚಿತ ಬಿಂದುಗಳು. ಮೂಸೆಯಲ್ಲಿ ಕರಗಿದ ಶುದ್ಧ ಚಿನ್ನ ಹೆಪ್ಪುಗಟ್ಟುತ್ತಿರುವಷ್ಟು ಹೊತ್ತು ಅದರ ಬಿಸಿ 1064.18 ಡಿಗ್ರಿಯಿಂದ ಕದಲುವುದಿಲ್ಲ. ಚಿನ್ನ ಕೋಲಾರದ್ದಾದರೂ ಅಷ್ಟೇ, ದಕ್ಷಿಣ ಆಫ್ರಿಕದ್ದಾದರೂ ಅಷ್ಟೇ. ವೆಜ್‌ವುಡ್ಡನಿಗೆ ಕಾರ್ನ್‌ವಾಲಿನ ಮಣ್ಣಿನಲ್ಲಿ ಸಿಗದ ಒರೆಗಲ್ಲು ಅದು. ನಮ್ಮ ದೇಶಕ್ಕೆ ಈ ಮಾನವನ್ನು ಕಾಪಾಡಿಕೊಂಡು ಬಂದಿರುವುದು ದೆಹಲಿಯ ಕೆ. ಎಸ್. ಕೃಷ್ಣನ್ ಮಾರ್ಗದಲ್ಲಿರುವ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ. ದೆಹಲಿಯ ನಮ್ಮ ಓದುಗರಲ್ಲಿ ಕೆಲವರು ದಿನವೂ ಅದರ ಮುಂದೆಯೇ ಹಾದುಹೋಗುತ್ತಿರಬಹುದು.

ಕಡ್ಡಿ ಅಂದು ನಮ್ಮೆಲ್ಲರ ಕೈಯಿಂದ ಕೈಗೆ ಹೋಯಿತು. ಒಬ್ಬರು ಅದನ್ನು ಕಿವಿಯ ಬಳಿ ಹಿಡಿದು ಅಲುಗಿಸಿಯೂ ನೋಡಿದರು. ಆಮೇಲೆ ಕಾರ್ಖಾನೆಯಲ್ಲಿ ಎನ್ ಮಾದರಿಯ ಕಡ್ಡಿ ಹಾಕಿಸಿದರಂತೆ. ಪಕ್ಕದ ರಂಧ್ರವನ್ನು ಹಾಗೆಯೇ ಉಳಿಸಿಕೊಂಡು, ತಿಂಗಳಿಗೊಮ್ಮೆ ಪ್ಲಾಟಿನಂ ಇಳಿಸಿ ಹೋಲಿಸುವ ರೂಢಿಯೂ ಬಂತಂತೆ. ಅಚ್ಚುಗಳು ವಾಪಸು ಬರುವುದು ನಿಂತಿತು.

ಕುಲುಮೆಗಾರರ ಪತ್ರ ಏನಾಯಿತು ಎಂದು ನಾವು ಕೇಳಿದೆವು. ಮಿತ್ರರು ಕಡ್ಡಿಯನ್ನು ಮತ್ತೆ ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತುತ್ತ ಹೇಳಿದರು: ತಪ್ಪು ಯಂತ್ರದ್ದೆಂದು ಎಲ್ಲರಿಗೂ ಗೊತ್ತಾಯಿತು, ಪತ್ರವನ್ನು ಹಿಂತೆಗೆದುಕೊಳ್ಳಬೇಕೆಂದು ಯಾರಿಗೂ ತೋಚಲಿಲ್ಲ, ತಮಗೂ. ಎರಡು ವರ್ಷದ ಮೇಲೆ ಅವರು ನಿವೃತ್ತರಾಗಿ ಇಂಡಿಗೆ ಹೋದರು. ಪತ್ರ ಅವರ ಕಡತದಲ್ಲಿಯೇ ಇದೆ.